ಕಾರ್ಡೂ ಉಳಿಯಬೇಕು, ಹೊಲವೂ ಉಳಿಯಬೇಕು

ಹಾಸ್ಟೆಲಿನಲ್ಲಿರುವ ನಮಗೆ ಹೊತ್ತಲ್ಲದ ಹೊತ್ತಿನಲ್ಲಿ ಊರಿಂದ ಫೋನು ಬಂದರೆ ಎದೆ ಝಲ್ಲೆನ್ನುತ್ತೆ. ಅಪ್ಪನಿಗೆ ಲಕ್ವ ಹೊಡೆದಿದೆ. ಅವ್ವನಿಗೆ ಆಪರೇಷನ್ ಆಗ್ಬೇಕಂತೆ. ಅಣ್ಣ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರ್ಕೊಂಡವ್ನೆ. ಆ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: 'ಹೊಲ ಕೊಟ್ಬಿಡಾನ ಅಂತಿದೀವಿ. ನೀನು ಓದಿರೋನು, ಏನಂತೀಯ?' ಈ ಪ್ರಶ್ನೆಗೆ ಉತ್ತರ ಕೊಡೋದನ್ನ ನಮಗೆ ಯಾವ ಕಾಲೇಜೂ ಕಲಿಸಿಲ್ಲ. ಅದಕ್ಕೇ ಈ ಸಲ ಈ ವಿಚಾರ.

ನಾವು ಹೇಳುವುದು ಇಷ್ಟೆ. ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ಅದಕ್ಕಾಗಿ ಹೊಲ ಬಿಡಬೇಕಾಗಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಆರೈಕೆ ಇದೆಯಲ್ಲ, ಅದರ ಹೊಣೆಯನ್ನು ಯಾವ ಕಾರ್ಡೂ ಹೊರುವುದಿಲ್ಲ. ನಮ್ಮ ಹೊಲ ಹೋಗುವುದು ಅಲ್ಲಿ.

ಇದು ಹೊಸ ಕತೆಯಲ್ಲ. ನಮ್ಮ ತಾತಂದಿರು ಜೀತಕ್ಕೆ ಬಿದ್ದದ್ದು ಹೇಗೆ? ಒಂದು ಮದುವೆ, ಒಂದು ಸಾವು, ಒಂದು ಕಾಯಿಲೆ. ಅಪ್ಪನ ಮದ್ದಿಗೆ ತಂದ ಸಾಲಕ್ಕೆ ಮಗ ದನ ಕಾಯೋಕೆ ಹೋದ, ಮಗನ ಮಗನೂ ಹೋದ. 1976ರಲ್ಲಿ ಜೀತ ರದ್ದು ಮಾಡುವ ಕಾಯಿದೆ ಬಂತು. ಕಾಯಿದೆ ಬಂತು ಅಂತ ಕಾಯಿಲೆ ಬರುವುದು ನಿಂತೀತೆ? ಅವತ್ತು ಕಾಯಿಲೆ ಮಗನನ್ನು ಎಳಕೊಂಡು ಹೋಗುತ್ತಿತ್ತು. ಇವತ್ತು ಹೊಲವನ್ನು ಎಳಕೊಂಡು ಹೋಗುತ್ತಿದೆ.

ಮೊದಲು ಒಂದು ಸುಳ್ಳನ್ನು ಒಡೆಯೋಣ. ಊರಿನ ಉಳ್ಳವರೂ ಅವರ ಹಿಂದೆ ತಿರುಗುವ ದಲ್ಲಾಳಿಗಳೂ ನಮ್ಮವರ ಕಿವಿಯಲ್ಲಿ ಊದುವ ಸುಳ್ಳು ಇದು: 'ಪಹಣೀಲಿ ನಿನ್ನ ಹೆಸರಿದ್ರೆ ಬಿ.ಪಿ.ಎಲ್. ಕಾರ್ಡು ರದ್ದಾಗುತ್ತೆ, ಆಸ್ಪತ್ರೆ ಸವಲತ್ತೂ ಹೋಗುತ್ತೆ. ನಮ್ಮ ಹೆಸರಿಗೆ ಒಂದು ಕಾಗದ ಬರ್ಕೊಡು. ಉತ್ಕೊಂಡು ತಿನ್ನೋನು ನೀನೇ ತಾನೆ?' ಸರ್ಕಾರದ ಮಾನದಂಡ ಹೀಗೆ ಹೇಳುವುದಿಲ್ಲ. ಹಳ್ಳಿಯಲ್ಲಿ 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ, ಇಲ್ಲವೆ ಅದಕ್ಕೆ ಸಮನಾದ ನೀರಾವರಿ ಭೂಮಿ ಇದ್ದವರಿಗೆ ಆ ಕಾರ್ಡು ಇಲ್ಲ. 3 ಹೆಕ್ಟೇರು ಅಂದರೆ 7 ಎಕರೆ 16 ಗುಂಟೆಯ ಮೇಲೆ. ನಮ್ಮ ಕೇರಿಯಲ್ಲಿ ಎರಡು ಎಕರೆ, ಮೂರು ಎಕರೆ ದರಖಾಸ್ತು ಜಮೀನಿರುವವರೇ ಪುಣ್ಯವಂತರು. ಏಳು ಎಕರೆ ಒಣಭೂಮಿ ಇರುವವರು ಎಷ್ಟು ಮನೆ? ಬೆರಳು ಮಡಿಚಿ ಲೆಕ್ಕ ಹಾಕಿ. ಹೊಲ ಬರೆದುಕೊಟ್ಟು ಕಾರ್ಡು ಉಳಿಸಿಕೊಂಡೆ ಅನ್ನುವವನು ಇದ್ದದ್ದನ್ನು ಕಳಕೊಂಡು, ಹೋಗದೇ ಇದ್ದದ್ದನ್ನು ಉಳಿಸಿಕೊಂಡಿದ್ದಾನೆ ಅಷ್ಟೆ.

ಕಾರ್ಡಿಗೆ ಅಡ್ಡ ಬರುವುದು ಬೇರೆ ಸಂಗತಿಗಳು. ಮನೆಯ ವರ್ಷದ ಆದಾಯ 1 ಲಕ್ಷ 20 ಸಾವಿರ ದಾಟಿರುವುದು. ಸ್ವಂತ ಓಡಾಟಕ್ಕೆ ಕಾರು ಇರುವುದು. ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಆದಾಯ ತೆರಿಗೆ ಕಟ್ಟುತ್ತಿರುವುದು, ಸರ್ಕಾರಿ ನೌಕರಿಯಲ್ಲಿರುವುದು. ಗೆಳೆಯರೆ, ಈ ಕೊನೆಯದು ನಮಗೇ ತಾಗುವ ಮಾತು. ನಮ್ಮಲ್ಲೊಬ್ಬನಿಗೆ ನೌಕರಿ ಆಗುತ್ತೆ. ಕೇರಿಯೆಲ್ಲ ಹೋಳಿಗೆ ಉಣ್ಣುತ್ತೆ. ಅವನ ಹೆಸರು ಅಪ್ಪನ ಕಾರ್ಡಿನಲ್ಲೇ ಉಳಿದಿರುತ್ತೆ, ಅವನು ಪಟ್ಟಣದಲ್ಲಿ ಬೇರೆ ಮನೆ ಮಾಡಿರುತ್ತಾನೆ. ಒಂದು ದಿನ ಅಪ್ಪ ಆಸ್ಪತ್ರೆಗೆ ಹೋದರೆ ಕಾರ್ಡು ಇಲ್ಲ! ಬೇರೆ ಸಂಸಾರ ಹೂಡಿದವರು ತಮ್ಮ ಹೆಸರನ್ನು ಬೇರೆ ಮಾಡಿಸಿಕೊಳ್ಳಲಿ. ತಂದೆತಾಯಿಯನ್ನು ಸಾಕುತ್ತಿರುವವರು ನೌಕರರಿಗೆ ಇರುವ ವೈದ್ಯಕೀಯ ಸೌಲಭ್ಯದಲ್ಲಿ ಅವರ ಹೆಸರನ್ನು ಅವಲಂಬಿತರೆಂದು ಬರೆಸಲಿ. ಎರಡನ್ನೂ ಮಾಡದೆ ಕೈಕಟ್ಟಿ ಕೂತರೆ ನಮ್ಮ ಸಂಬಳದ ಮೊದಲ ಪೆಟ್ಟು ಬೀಳುವುದು ಹೆತ್ತವರ ಮೇಲೆ.

ಅಕ್ಕತಂಗಿಯರು ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದರೆ ಅವರಿಗೆ ಇ.ಎಸ್.ಐ. ಇರುತ್ತೆ. ಅವರನ್ನೇ ನೆಚ್ಚಿಕೊಂಡ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಉಂಟು, ಹೆಸರು ಸೇರಿಸಬೇಕು ಅಷ್ಟೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಆ ಕಾಲದಲ್ಲೇ, 1944ರಲ್ಲಿ, ಅದರ್ಕರ್ ವರದಿ ಬಂತು. ಅದರಿಂದ 1948ರ ಇ.ಎಸ್.ಐ. ಕಾಯಿದೆ ಹುಟ್ಟಿತು. ಕಾಯಿಲೆ ಬಿದ್ದ ಕೂಲಿಯವನಿಗೆ ಚಿಕಿತ್ಸೆ ಭಿಕ್ಷೆಯಲ್ಲ ಅನ್ನುವುದು ಅಷ್ಟು ಹಿಂದೆಯೇ ಕಾನೂನಿನಲ್ಲಿ ಬರೆದಾದ ಮಾತು.

ಈಗ ಕಾರ್ಡಿನ ಬೆಲೆ ನೋಡಿ. 2018ರಲ್ಲಿ ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ ಎರಡನ್ನೂ ಕೂಡಿಸಿ ಒಂದು ಯೋಜನೆ ಮಾಡಿದರು. ಬಿ.ಪಿ.ಎಲ್. ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆ ಕಾರ್ಡು ಇಲ್ಲದವರಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಆದರೆ ಇದಕ್ಕೊಂದು ದಾರಿ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಅಲ್ಲಿನ ಡಾಕ್ಟರು ಬರೆದುಕೊಟ್ಟ ಪತ್ರ ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಕಾಯಿಲೆಗಳ ಪಟ್ಟಿ ಬೇರೆ ಇದೆ, ಅವಕ್ಕೆ ಪತ್ರ ಬೇಡ. ಇದು ಗೊತ್ತಿಲ್ಲದೆ ನಮ್ಮವರು ನೇರ ಖಾಸಗಿ ಬಾಗಿಲಿಗೆ ಹೋಗುತ್ತಾರೆ. 'ಪತ್ರ ಇಲ್ಲ, ಡಿಪಾಸಿಟ್ ಕಟ್ಟು' ಅಂತಾರೆ. ಅವತ್ತು ರಾತ್ರಿಯೇ ಯಾರದೋ ಜಗಲಿ ಮೇಲೆ ಹೊಲದ ಮಾತು ಶುರುವಾಗುತ್ತೆ. ಒಂದು ಹಾಳೆ ಕಾಗದ ಇಲ್ಲದ್ದಕ್ಕೆ ಎರಡು ಎಕರೆ ಹೊಲ!

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಹೊಲ ಹೋಗುತ್ತೆ. ನಮ್ಮ ಜೊತೆ ಓದುತ್ತಿದ್ದ ಒಬ್ಬ ಗೆಳೆಯನ ಮನೆಯ ಸಂಗತಿ ಕೇಳಿ. ಅಪ್ಪನಿಗೆ ಲಕ್ವ ಹೊಡೆಯಿತು. ಕಾರ್ಡು ಇತ್ತು, ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಆಯಿತು, ದೊಡ್ಡ ಬಿಲ್ಲೇನೂ ಬರಲಿಲ್ಲ. ನಾವೆಲ್ಲ ಸದ್ಯ ಅಂತ ಉಸಿರು ಬಿಟ್ಟೆವು. ಆಮೇಲೆ ಅಪ್ಪನನ್ನು ಮನೆಗೆ ಕರೆತಂದರು. ಬಲಗೈ ಬಲಗಾಲು ಏಳದು. ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ತಾಲೂಕು ಆಸ್ಪತ್ರೆಗೆ ಆಟೋ. ಮಾತ್ರೆ ಬೇರೆ. ತೊಳೆಯಬೇಕು, ಹೊರಳಿಸಬೇಕು, ಉಣ್ಣಿಸಬೇಕು. ಅವ್ವ ಕೂಲಿ ಬಿಟ್ಟಳು. ತಂಗಿ ಎರಡನೇ ಪಿ.ಯು.ಸಿ. ಬಿಟ್ಟಳು. ಎಂಟನೇ ತಿಂಗಳಿಗೆ ಖಾಲಿ ಛಾಪಾಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಹೊಲವನ್ನು ಭೋಗ್ಯಕ್ಕೆ ಕೊಟ್ಟರು. ಗೆಳೆಯನಿಗೆ ತಿಳಿದದ್ದು ಹಬ್ಬಕ್ಕೆ ಊರಿಗೆ ಹೋದಾಗ. ತನ್ನ ಹೊಲದಲ್ಲಿ ಬೇರೆಯವರ ನೇಗಿಲು ಕಂಡಾಗ.

ಆಯುಷ್ಮಾನ್ ಯೋಜನೆ ಆಸ್ಪತ್ರೆಗೆ ಸೇರುವ ಮೊದಲಿನ 3 ದಿನ, ಬಿಟ್ಟ ಮೇಲಿನ 15 ದಿನದ ಖರ್ಚನ್ನು ಒಪ್ಪುತ್ತೆ. ಹದಿನಾರನೇ ದಿನದಿಂದ ಯಾರು? ವಯಸ್ಸು 65 ದಾಟಿದ್ದರೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಅಷ್ಟರಲ್ಲಿ ಆಟೋದವನಿಗೇ ಸಾಲದು. ಉಳಿದ ಹೊಣೆ ಹೆಂಗಸರ ಬೆನ್ನಿಗೆ. ಅವ್ವನ ಕೂಲಿ, ತಂಗಿಯ ಓದು, ಕೊನೆಗೆ ಹೊಲ. ಇದನ್ನು 'ಮನೆಯವರ ಪ್ರೀತಿ' ಅಂತ ಕರೆದು ಸರ್ಕಾರ ಕೈತೊಳೆದುಕೊಳ್ಳುತ್ತೆ. ಪ್ರೀತಿ ನಮಗೆ ಬೇಕಾದಷ್ಟಿದೆ ಸ್ವಾಮಿ. ನಮಗಿಲ್ಲದಿರುವುದು ಕಾಸು.

ಹೊಲ ಹೋದವರು ತಲೆ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿ.ಟಿ.ಸಿ.ಎಲ್. ಕಾಯಿದೆಯ ಬೇಲಿ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಪರಭಾರೆ ಮಾಡಿದರೆ ಊರ್ಜಿತವಲ್ಲ. ಪರಭಾರೆ ಅಂದರೆ ಕ್ರಯ ಮಾತ್ರ ಅಲ್ಲ. ದಾನ, ಅಡಮಾನ, ಗುತ್ತಿಗೆ, ಕ್ರಯದ ಕರಾರು ಎಲ್ಲವೂ ಅದರೊಳಗೆ ಬರುತ್ತವೆ. ಮನೆಯೊಳಗಿನ ಪಾಲುಪಾರೀಕತ್ತು, ಉಯಿಲು ಮಾತ್ರ ಹೊರಗೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ವಿಚಾರಣೆ ನಡೆಸಿ ಜಮೀನನ್ನು ಬಿಡಿಸಿಕೊಡಬೇಕು. ತಡವಾಗಿ ಬಂದ ಅರ್ಜಿ ನಿಲ್ಲದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಮೇಲೆ ಎಷ್ಟೋ ಅರ್ಜಿ ಬಿದ್ದುಹೋದವು. ನಮ್ಮವರು ಬೀದಿಗಿಳಿದು ಕೇಳಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದರೂ ಕೋರ್ಟುಗಳಲ್ಲಿ ತಡದ ತಕರಾರು ನಿಂತಿಲ್ಲ. ಆದ್ದರಿಂದ ಇವತ್ತೇ ಅರ್ಜಿ ಬರೆಯಿರಿ, ನಾಳೆ ಅನ್ನಬೇಡಿ.

ಆದರೆ ಒಂದು ಮಾತು. ಕಾಯಿದೆ ಹೊಲಕ್ಕೆ ಬೇಲಿ ಹಾಕುತ್ತೆ, ಹಾಸಿಗೆ ಹಿಡಿದವನಿಗೆ ಮಾತ್ರೆ ತಂದುಕೊಡುವುದಿಲ್ಲ. ಹಸಿದ ಮನೆ ಬೇಲಿಯನ್ನು ಒಳಗಿನಿಂದಲೇ ಮುರಿಯುತ್ತೆ. ಮುರಿದವರನ್ನು ಬಯ್ಯಬೇಡಿ. ಮುರಿಯದೆ ಬದುಕುವ ದಾರಿ ಕೇಳೋಣ.

ಆ ದಾರಿ ಪಕ್ಕದ ರಾಜ್ಯದಲ್ಲೇ ಇದೆ. ಕೇರಳ 2008ರಲ್ಲಿ ಉಪಶಮನ ಆರೈಕೆಗೆಂದು ನೀತಿ ಮಾಡಿತು. ಪಂಚಾಯ್ತಿ ದುಡ್ಡಿನಲ್ಲಿ ದಾದಿಯರು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಹುಣ್ಣು ತೊಳೆಯುತ್ತಾರೆ, ಮನೆಯವರಿಗೆ ಹೇಳಿಕೊಡುತ್ತಾರೆ. ಅಲ್ಲಿ ಆಗುವುದು ಇಲ್ಲಿ ಯಾಕಾಗದು? ದುಡ್ಡಿಲ್ಲ ಅನ್ನಬೇಡಿ. ನಮ್ಮ ಹೆಸರಿನ ದುಡ್ಡಿಗೆ 2013ರ ಉಪಯೋಜನೆ ಕಾಯಿದೆ ಇದೆ. ಅದನ್ನು ರಸ್ತೆಗೆ, ಸೇತುವೆಗೆ ತಿರುಗಿಸಲು ನೆಪವಾಗಿದ್ದ 7ಡಿ ಕಲಮನ್ನು 2023ರಲ್ಲಿ ತೆಗೆದಿದ್ದಾರೆ. ಆ ದುಡ್ಡಿನಲ್ಲಿ ಕೇರಿ ಕೇರಿಗೆ ಆರೈಕೆಯ ದಾದಿ ಬರಲಿ. ಮಲಗಿದವರ ಮನೆಗೆ ಮಾತ್ರೆ ಬರಲಿ. ಆರೈಕೆಗೆಂದು ಕೂಲಿ ಬಿಟ್ಟ ಹೆಂಗಸಿಗೆ ಕೂಲಿ ಬರಲಿ. ಇದು ನಮ್ಮ ಬೇಡಿಕೆ.

ಬೇಡಿಕೆ ಕೈಗೂಡುವವರೆಗೆ ನಾವೇನು ಮಾಡಬೇಕು? 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದಿಂದ ತಗೊಂಡರು. ಆ ಕರಿಯ ಹುಡುಗ ಹುಡುಗಿಯರು ಬರೀ ಘೋಷಣೆ ಕೂಗಲಿಲ್ಲ. ತಮ್ಮ ಕೇರಿಗಳಲ್ಲಿ ಉಚಿತ ದವಾಖಾನೆ ನಡೆಸಿದರು. ಅವರಲ್ಲಿ ಬಹಳ ಜನ ನಮ್ಮದೇ ವಯಸ್ಸಿನವರು.

ನಮಗೆ ದವಾಖಾನೆ ಆಗದಿರಬಹುದು. ಆದರೆ ನಮಗೆ ಓದಲು ಬರುತ್ತೆ. ಈ ರಜೆಗೆ ಊರಿಗೆ ಹೋದವರು ಕೇರಿಯ ಒಂದೊಂದು ಮನೆಗೂ ಹೋಗಿ. ಕಾರ್ಡಿನಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ನೋಡಿ. ಪಹಣಿ, ಸಾಗುವಳಿ ಚೀಟಿ ಎಲ್ಲಿವೆ ಕೇಳಿ, ನಕಲು ತೆಗೆಸಿಡಿ. ಯಾರು ಹಾಸಿಗೆ ಹಿಡಿದಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು, ಅದಕ್ಕಾಗಿ ಯಾವ ಹುಡುಗಿ ಶಾಲೆ ಬಿಟ್ಟಿದ್ದಾಳೆ ಬರಕೊಳ್ಳಿ. ಆ ಪಟ್ಟಿಯೇ ನಮ್ಮ ಮುಂದಿನ ಸಭೆಯ ಅಜೆಂಡಾ. ಆ ಪಟ್ಟಿ ಹಿಡಿದೇ ತಾಲೂಕು ಕಚೇರಿ ಮುಂದೆ ಕೂರೋಣ.

ಇನ್ನೊಮ್ಮೆ ಊರಿಂದ ಫೋನು ಬಂದು 'ಹೊಲ ಕೊಟ್ಬಿಡಾನಾ?' ಅಂದರೆ ನಮ್ಮ ಬಾಯಲ್ಲಿ ಉತ್ತರ ಇರಲಿ: 'ಬ್ಯಾಡ ಕಣವ್ವ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ಬೇಡ. ನಾವು ಬತ್ತಾ ಇದೀವಿ.'

ಜೈಭೀಮ್.