ಗ್ಲಾಸಿನ ನೀರು ಕೆಂಪಾತಂತ ಅಂಜಬ್ಯಾಡ್ರಿ

ವೈನ್ಯಾರ, ನೆಗೆಣ್ಯಾರ, ಬಾಜೂ ಮನಿ ಅಕ್ಕಾರ, ಈ ಸಲ ಚಟ್ನಿಪುಡಿ ಸುದ್ದಿ ಇಲ್ಲ. ನೀರಿನ ಸುದ್ದಿ ಐತಿ, ಸ್ವಲ್ಪ ಸಿಟ್ಟೂ ಐತಿ. ಓದಿ ಮುಗಿಸಿದ ಮ್ಯಾಲ ನನಗ ಬೈದ್ರೂ ಅಡ್ಡಿಯಿಲ್ಲ.

ನಮ್ಮ ಓಣ್ಯಾಗ ಎರಡು ತಿಂಗಳಿಂದ ನೀರಿನ ಮಷಿನ್ ಮಾರಾವ್ರು ಬಾಗಲಾ ಬಡ್ಯಾಕ ಹತ್ಯಾರ. ಎಲ್ಲಾರ ಮನ್ಯಾಗೂ ಒಂದ ಆಟ. ಒಂದು ಗ್ಲಾಸಿನಾಗ ನಮ್ಮ ಬೋರಿನ ನೀರು, ಇನ್ನೊಂದರಾಗ ಅವರ ಬಾಟ್ಲಿ ನೀರು. ಎರಡರಾಗೂ ಕರೆಂಟಿನ ಕಡ್ಡಿ ಅದ್ದತಾರ. ಎರಡು ನಿಮಿಷದಾಗ ನಮ್ಮ ನೀರು ಕೆಂಪಗ, ಗಸಿಗಸಿ ಆಗತೈತಿ. ಅವರ ನೀರು ಹಂಗ ತಿಳಿ ಇರತೈತಿ. "ನೋಡ್ರಿ ಅಕ್ಕಾ, ಇದನ್ನ ಮಕ್ಕಳಿಗೆ ಕುಡಸಾಕ ಹತ್ತೀರಿ" ಅಂತಾರ. ಅಷ್ಟ ಸಾಕು, ನಮ್ಮ ಜೀವ ಝಲ್ ಅಂತೈತಿ, ಕಂತಿನ ಕಾಗದಕ್ಕ ಸಹಿ ಬೀಳತೈತಿ.

ನಮ್ಮನಿಗೆ ಬಂದಾಗ ನಾ ಒಂದು ಚಿಟಿಕಿ ಅಡಗಿ ಉಪ್ಪು ತಗೊಂಡು ಅಂವನ ಬಾಟ್ಲಿ ನೀರಿಗೆ ಹಾಕಿದೆ. "ಈಗ ಅದ್ದಪಾ ತಮ್ಮಾ" ಅಂದೆ. ಅದೂ ಕೆಂಪಾತು. ತಮ್ಮ ಸಾಮಾನು ಕಟ್ಟಿಕೊಂಡು ಹೋದ.

ಇದರಾಗ ಮಾಟ-ಮಂತ್ರ ಏನಿಲ್ಲ. ಆ ಕಡ್ಡಿ ಕಬ್ಬಿಣದ್ದು. ನೀರಿನಾಗ ಲವಣ ಇದ್ರ ಕರೆಂಟ್ ಹರಿತೈತಿ, ಕಬ್ಬಿಣ ಕರಗಿ ತುಕ್ಕು ಬಿಡತೈತಿ. ನಾವು ನೋಡೂದು ಕಡ್ಡಿಯ ತುಕ್ಕು, ನೀರಿನ ಹೊಲಸಲ್ಲ. ಲವಣ ತಗದ ನೀರಿನಾಗ ಕರೆಂಟ್ ಸರಿಯಾಗಿ ಹರಿಯಂಗಿಲ್ಲ, ಅದಕ್ಕ ತಿಳಿ. ತಿಳಿ ಇದ್ದ ಮಾತ್ರಕ್ಕ ಒಳ್ಳೇದು ಅಲ್ಲ, ಕೆಂಪಾದ ಮಾತ್ರಕ್ಕ ವಿಷ ಅಲ್ಲ.

ನನ್ನ ಮಾತು ಇಷ್ಟ: ಯಾವ ರೋಗ ಅಂತ ಗೊತ್ತಿಲ್ಲದ ಔಷಧ ಕೊಳ್ಳಬ್ಯಾಡ್ರಿ. ನೀರಿನಾಗ ಏನೈತಿ ಅಂತ ತಪಾಸಣಿ ಮಾಡಿಸೋತನಕ ಒಂದು ರೂಪಾಯಿನೂ ಬಿಚ್ಚಬ್ಯಾಡ್ರಿ.

ನಮ್ಮ ಗದಗ, ಕೊಪ್ಪಳ, ಬಾಗಲಕೋಟಿ ಕಡೆ ಎಲ್ಲಾ ಕೆಟ್ಟ ನೀರಿಗೂ 'ಸವಳು' ಅಂತ ಒಂದ ಹೆಸರು. ಆದ್ರ ಅದರಾಗ ಮೂರು ಬ್ಯಾರೆ ಬ್ಯಾರೆ ತ್ರಾಸು ಅದಾವ.

ಒಂದು, ಗಡಸುತನ. ಅಂದ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ. ಬ್ಯಾಳಿ ಬೇಯಂಗಿಲ್ಲ, ಸಾಬೂನು ನೊರಿ ಬಿಡಂಗಿಲ್ಲ, ಗೀಸರಿನ ಕಾಯಿಲ್‌ಗೆ ಸುಣ್ಣದ ಪಕಳಿ ಕಟ್ಟತೈತಿ. ಎರಡು, ಒಟ್ಟು ಲವಣ, ಮಾರಾವ್ರು ಟಿಡಿಎಸ್ ಅಂತಾರಲ್ಲ ಅದು. ಪೆನ್ನಿನಂಥ ಮೀಟರ್ ಅದ್ದಿ ತೋರಸೂದು ಇದನ್ನ. ಎಷ್ಟು ಲವಣ ಅಂತ ಹೇಳತೈತಿ, ಯಾವ ಲವಣ ಅಂತ ಹೇಳಂಗಿಲ್ಲ. ಮೂರು, ಫ್ಲೋರೈಡ್. ಇದಕ್ಕ ರುಚಿ ಇಲ್ಲ, ಬಣ್ಣ ಇಲ್ಲ, ಆ ಮೀಟರಿಗೂ ಸಿಗಂಗಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯೂ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ರ ಚಲೋ, ಬ್ಯಾರೆ ನೀರ ಇಲ್ಲದಾಗ 600ರ ತನಕ ನಡೀತೈತಿ. ಒಟ್ಟು ಲವಣಕ್ಕ 500 ಮತ್ತು 2000. ಫ್ಲೋರೈಡಿಗೆ 1, ಹೆಚ್ಚಂದ್ರ 1.5. ಅಂತರ ನೋಡ್ರಿ. ಗಡಸುತನದ ಲೆಕ್ಕ ನೂರರಾಗ, ಫ್ಲೋರೈಡಿನ ಲೆಕ್ಕ ಒಂದೂವರಿಯೊಳಗ. ಗಡಸು ನೀರು ಬಚ್ಚಲದಾಗ ಕಣ್ಣಿಗೆ ಕಾಣತೈತಿ, ಅದಕ್ಕ ನಾವು ಅದಕ್ಕ ಅಂಜತೀವಿ. ನಿಜವಾಗಿ ಅಂಜಬೇಕಾದ್ದು ಕಾಣಂಗ ಇಲ್ಲ.

ಇದನ್ನ ನಾ ಪುಸ್ತಕ ನೋಡಿ ಹೇಳಾಕ ಹತ್ತಿಲ್ಲ. ನಮ್ಮ ಚಿಗವ್ವನ ಮಗಳ ಮನ್ಯಾಗ ಆರು ವರ್ಷದ ಹಿಂದ ನೀರು ಮೆದು ಮಾಡೂ ಮಷಿನ್ ಹಾಕ್ಸಿದ್ರು. ಆಗ ಕೂಸು ಇನ್ನೂ ತೊಟ್ಟಿಲದಾಗಿತ್ತು. ಬ್ಯಾಳಿ ಬೇಯಾಕ ಹತ್ತು, ಕೂದಲಾ ನುಣ್ಣಗಾದುವು, ಎಲ್ಲಾರಿಗೂ ಖುಷಿ. ಅದ ನೀರು ಕುಡದ್ರು. ಈಗ ಹುಡುಗಿಗೆ ಏಳು ವರ್ಷ, ಮುಂದಿನ ಹೊಸಾ ಹಲ್ಲು ಬಂದಾವ, ಅವುಗಳ ಮ್ಯಾಲ ಕಂದು ಗೆರಿ. ಹಲ್ಲಿನ ಡಾಕ್ಟರ್ ನೋಡಿದ ಕೂಡಲೇ ಫ್ಲೋರೈಡ್ ಅಂದ್ರು. ಹಲ್ಲು ಒಸಡಿನೊಳಗ ಬೆಳೆಯೂ ಹೊತ್ತಿನಾಗ ಆದದ್ದು, ಈಗ ನೀರು ಬದಲಿ ಮಾಡಿದ್ರೂ ಆ ಗೆರಿ ತಾನಾಗೇ ಹೋಗಂಗಿಲ್ಲ. ಹುಡುಗಿ ಫೋಟೋ ತಗಿಯೂವಾಗ ಬಾಯಿ ಮುಚ್ಚಿಕೊಳ್ಳತೈತಿ. ಅವರವ್ವ ನನಗ ಅಂದದ್ದು ಒಂದ ಮಾತು: "ಮಷಿನ್ ಐತಲ್ಲ ಅಂತ ನಾವು ಸುಮ್ಮನಿದ್ವಿ ಅಕ್ಕಾ."

ಆ 'ಮಷಿನ್ ಐತಲ್ಲ' ಅನ್ನೂ ಧೈರ್ಯದ ಮ್ಯಾಲ ನನ್ನ ಸಿಟ್ಟು.

ಮೆದು ಮಾಡೂ ಮಷಿನ್ ಏನ ಮಾಡತೈತಿ ತಿಳಕೋರಿ. ಅದರೊಳಗ ಸಣ್ಣ ಸಣ್ಣ ರಾಳದ ಗುಂಡು ಇರತಾವ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಕೊಂಡು ಅದರ ಬದಲಿ ಸೋಡಿಯಂ ಬಿಡತಾವ. ಅದಲಿ ಬದಲಿ, ಅಷ್ಟ. ಫ್ಲೋರೈಡ್ ಹೋಗಂಗಿಲ್ಲ, ನೈಟ್ರೇಟ್ ಹೋಗಂಗಿಲ್ಲ, ರೋಗದ ಕ್ರಿಮಿ ಸಾಯಂಗಿಲ್ಲ. ಒಟ್ಟು ಲವಣನೂ ಇಳಿಯಂಗಿಲ್ಲ. ಆ ಕಬ್ಬಿಣದ ಕಡ್ಡಿ ಈ ಮೆದು ನೀರಿಗೆ ಹಾಕಿದ್ರ ಅದೂ ಕೆಂಪ ಆಗತೈತಿ. ಒಬ್ಬನ ಮಾರಾಂವ ಎರಡೂ ಮಷಿನ್ ಮಾರತಾನ, ಆದ್ರ ಆ ಆಟ ಇದಕ್ಕ ಆಡಿ ತೋರಸಂಗಿಲ್ಲ.

ಸೋಡಿಯಂ ಲೆಕ್ಕಾನೂ ಹಾಕೋಣ. ಗಡಸುತನ 100 ಮಿಲಿಗ್ರಾಂ ತಗದ್ರ ಲೀಟರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರತೈತಿ. ನಿಮ್ಮ ಬೋರಿನಾಗ 500 ಇದ್ರ 230 ಆತು. ದಿನಾ ಮೂರು ಲೀಟರ್ ಕುಡದ್ರ 690. ದೊಡ್ಡವರಿಗೆ ಇಡೀ ದಿನಕ್ಕ 2000 ಮಿಲಿಗ್ರಾಂ ಸೋಡಿಯಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ಅಂದ್ರ ಮೂರರಾಗ ಒಂದು ಪಾಲು ಬರೇ ನೀರಿನಾಗ. ಬಿಪಿ ಇದ್ದ ಅತ್ತಿಗೆ ಉಪ್ಪಿನಕಾಯಿ ಬಂದ್ ಮಾಡಿ, ಚರಗಿ ತುಂಬ ಈ ನೀರು ಕೊಡೂದು ಯಾವ ನ್ಯಾಯ? ಮತ್ತ ಆ ಗುಂಡು ತೊಳೆಯಾಕ ಚೀಲಗಟ್ಟಲೆ ಉಪ್ಪು ಬೇಕು. ತೊಳದ ಉಪ್ಪುನೀರು ಹಿತ್ತಲಕ್ಕ ಬಿಟ್ರ ಕರಿಬೇವು, ನುಗ್ಗಿ ಎಲ್ಲಾ ಸುಡತಾವ, ಮಣ್ಣು ಗಟ್ಟಿಯಾಗಿ ಕೂಡತೈತಿ.

"ಹಂಗಾದ್ರ ಗೀಸರ್ ಸುಡತೈತಿ, ವಾಷಿಂಗ್ ಮಷಿನ್ ಕೆಡತೈತಿ, ಅದಕ್ಕೇನ್ ಮಾಡೂದು?" ಅಂತೀರಿ. ಖರೆ. ಗಡಸುತನ 600 ದಾಟಿದ ಮನ್ಯಾಗ, ರೊಕ್ಕ ಇದ್ರ, ಬಚ್ಚಲಕ್ಕ ಮತ್ತು ಬಟ್ಟಿ ತೊಳಿಯೂ ನಳಕ್ಕ ಅಷ್ಟ ಅದನ್ನ ಹಾಕಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅಡಗಿಮನಿ ನಳ ಮಾತ್ರ ಬ್ಯಾರೆ ಇರಲಿ. ರೊಕ್ಕ ಇಲ್ಲಂದ್ರ ಗೀಸರಿನ ಬಿಸಿ ಸ್ವಲ್ಪ ಕಡಿಮಿ ಇಡ್ರಿ, ನೀರು ಹೆಚ್ಚು ಕಾದಷ್ಟೂ ಪಕಳಿ ಹೆಚ್ಚು. ಕೊಡ, ಕೆಟಲ್, ನಳದ ಬಾಯಿಗೆ ಕಟ್ಟಿದ ಸುಣ್ಣಕ್ಕ ನಿಂಬಿಹಣ್ಣಿನ ರಸ ಇಲ್ಲಾ ವಿನೆಗರ್ ಹಚ್ಚಿ ಬಿಟ್ರ ಬಿಡತೈತಿ. ಬ್ಯಾಳಿಗೆ ನೀರು ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಬಿಳೇದು ಬಿಟ್ಟು ಮ್ಯಾಲಿನ ತಿಳಿ ಹಾಕ್ರಿ. ಕುದಿಸಿದ್ರ ಹೋಗೂವಂಥ ಗಡಸುತನ ಇದ್ರ ಇಷ್ಟ ಸಾಕು. ಆದ್ರ ಫ್ಲೋರೈಡ್ ಇದ್ದ ನೀರು ಕುದಿಸಿದ್ರ ಹೋಗಂಗಿಲ್ಲ, ನೀರು ಆವಿ ಆಗಿ ಅದು ಇನ್ನೂ ದಟ್ಟ ಆಗತೈತಿ.

ಆರ್‌ಓ ಬಗ್ಗೆನೂ ಎರಡು ಮಾತು. ಅದು ಫ್ಲೋರೈಡ್ ತಗೀತೈತಿ, ಗಡಸುತನ ತಗೀತೈತಿ. ಮುಂಡರಗಿ ಕಡೆಯಂಥ ಫ್ಲೋರೈಡ್ ಊರಾಗ ಕುಡಿಯಾಕ ಅದು ಬೇಕು, ಊರಿನ ಶುದ್ಧ ನೀರಿನ ಘಟಕದಾಗೂ ಇರೂದು ಹೆಚ್ಚಾಗಿ ಅದ. ಆದ್ರ ನದಿ ನೀರು ಬರೂ ಮನ್ಯಾಗ ಯಾಕ? ಒಂದು ಲೀಟರ್ ಕೊಡಾಕ ಎರಡು-ಮೂರು ಲೀಟರ್ ಚರಂಡಿಗೆ ಬಿಡತೈತಿ. ಒಟ್ಟು ಲವಣ 500ಕ್ಕಿಂತ ಕಡಿಮಿ ಇದ್ದಲ್ಲಿ ಇದನ್ನ ನಿಷೇಧ ಮಾಡ್ರಿ ಅಂತ 2019ರಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿನೇ ಸರ್ಕಾರಕ್ಕ ಹೇಳಿತ್ತು. ಬರಗಾಲದ ಸೀಮ್ಯಾಗ ಕುಂತು ನಾವು ನೀರು ಚೆಲ್ಲಾಕ ಮಷಿನ್ ಕೊಳ್ಳತೀವಿ. ಇದ್ದವರು ಆ ಬಿಟ್ಟ ನೀರನ್ನ ಬಕೀಟಿನಾಗ ಹಿಡದು ನೆಲಾ ಒರಸಾಕಾದ್ರೂ ಬಳಸ್ರಿ.

ನಮ್ಮ ಅಮ್ಮಂದಿರು ಕುಡಿಯಾಕ ಸೀ ನೀರಿನ ಬಾವಿ, ಬಳಸಾಕ ಸವಳು ನೀರಿನ ಬಾವಿ ಅಂತ ಬ್ಯಾರೆ ಇಟ್ಟಿದ್ರು. ಹೊತ್ತು ಹೊತ್ತು ಅವರ ಸೊಂಟ ಹೋತು, ಅದನ್ನ ನಾ ಮರತಿಲ್ಲ. ಆದ್ರ ಕುಡಿಯೂ ನೀರು ಬ್ಯಾರೆ, ತಿಕ್ಕೂ ನೀರು ಬ್ಯಾರೆ ಅನ್ನೂ ಆ ಲೆಕ್ಕ ಇವತ್ತಿಗೂ ಸರಿ. ನಿಮ್ಮ ಮಾಳಗಿ 1000 ಚದರಡಿ ಇದ್ರ, ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ ಬಿದ್ರ, ಸೋರಿ ಆರಿ ಹೋದದ್ದು ಬಿಟ್ಟು 40 ಸಾವಿರ ಲೀಟರ್ ಸಿಗತೈತಿ. ಐದು ಮಂದಿಗೆ ಕುಡಿಯಾಕ, ಅಡಗಿಗೆ ದಿನಾ 50 ಲೀಟರ್ ಅಂದ್ರೂ ವರ್ಷಕ್ಕ 18 ಸಾವಿರ ಚಿಲ್ಲರ. ಮಳಿ ನೀರಿನಾಗ ಗಡಸುತನ ಇಲ್ಲ, ಫ್ಲೋರೈಡಿನ ಕಾಟ ಇಲ್ಲ. ಮೊದಲ ಮಳಿ ಹೊರಗ ಬಿಟ್ಟು, ಸೋಸಿ, ಬೆಳಕು ಬೀಳದ ಟಾಕಿಯೊಳಗ ಕೂಡಿಟ್ಟು, ಕುದಿಸಿ ಕುಡೀರಿ. ಮಷಿನ್ನಿನ ರೊಕ್ಕ ಟಾಕಿಗೆ ಹಾಕಸ್ರಿ ಅಂತ ಮನಿ ಗಂಡಸರಿಗೆ ಹೇಳಾಕ ನಮಗ ಬಾಯಿ ಐತಿ.

ಈಗ ಮಾಡಬೇಕಾದ ಕೆಲಸ. 2019ರಾಗ ಶುರು ಆದ ಜಲ ಜೀವನ್ ಮಿಷನ್ನಿನಾಗ ಪ್ರತಿ ಊರಿಗೆ ಐದು ಮಂದಿ, ಅದೂ ಹೆಣ್ಮಕ್ಕಳಿಗೇ ಮೊದಲು, ಕಿಟ್ ಕೊಟ್ಟು ನೀರು ತಪಾಸಣಿ ಕಲಸಬೇಕು ಅಂತ ಐತಿ. ಪಂಚಾಯಿತಿಗೆ ಹೋಗಿ, ನಮ್ಮೂರಿನ ಆ ಐದು ಮಂದಿ ಯಾರು, ಕಿಟ್ ಎಲ್ಲೈತಿ ಅಂತ ಕೇಳ್ರಿ. ಕಪಾಟಿನಾಗ ಧೂಳು ತಿನ್ನಾಕ ಹತ್ತಿದ್ರ ಹೊರಗ ತಗಸ್ರಿ. ಗಡಸುತನ, ಫ್ಲೋರೈಡ್, ನೈಟ್ರೇಟ್, ಈ ಮೂರು ಅಂಕಿ ಒಂದು ಚೀಟಿ ಮ್ಯಾಲ ಬರಸಿಕೊಂಡು ಅಡಗಿಮನಿ ಗೋಡಿಗೆ ಹಚ್ಚರಿ. ಆಮ್ಯಾಲ ಯಾರರ ಕಡ್ಡಿ ಹಿಡಕೊಂಡು ಬಂದ್ರ ಮೊದಲು ಆ ಚೀಟಿ ತೋರಸ್ರಿ, "ಇದರಾಗ ಯಾವುದನ್ನ ನಿನ್ನ ಮಷಿನ್ ಇಳಸತೈತಿ, ಎಷ್ಟಕ್ಕ ಇಳಸತೈತಿ, ಬರದು ಕೊಡು" ಅನ್ನರಿ.

ಸಣ್ಣ ಮಕ್ಕಳಿದ್ದ ಮನ್ಯಾವ್ರು ಈ ವಾರದಾಗ ಮಾಡ್ರಿ. ನಮ್ಮ ಹುಡುಗಿಗೆ ಹೊತ್ತು ಮೀರಿ ಹೋತು, ನಿಮ್ಮ ಮನಿ ಕೂಸಿಗೆ ಇನ್ನೂ ಹೊತ್ತೈತಿ.