ಮೊಸರು ಡಬ್ಬಿಯಲ್ಲಿ ಚೆಂಡು ಹೂ

ಕಳೆದ ತಿಂಗಳು ಟಿ4 ಸ್ಲಿಪ್, ಆರ್‌ಆರ್‌ಎಸ್‌ಪಿ ಅಂತ ನಿಮ್ಮ ತಲೆ ತಿಂದಿದ್ದೆ. ಈ ಸಲ ಬೇರೆ ಲೆಕ್ಕ. ಟೊರಾಂಟೊ ಸುತ್ತಮುತ್ತ ಇರೋರಿಗೆ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹಿತ್ತಲಲ್ಲೇ ಚೆಂಡು ಹೂ ಬೇಕು ಅಂದ್ರೆ, ಹೊರಗೆ ಹಿಮ ಇರುವಾಗಲೇ ಮನೆಯೊಳಗೆ ಬೀಜ ಹಾಕಬೇಕು.

ಸಸಿ ಹೊರಗೆ ನೆಡೋಕೆ ಇಲ್ಲಿ ಜನ ಕಾಯೋದು ವಿಕ್ಟೋರಿಯಾ ಡೇಗೆ. ಅಂದ್ರೆ ಮೇ 25ಕ್ಕೆ ಮುಂಚಿನ ಸೋಮವಾರ. ಅಲ್ಲಿಂದ ಎಂಟು ವಾರ ಹಿಂದಕ್ಕೆ ಎಣಿಸಿದರೆ ಮಾರ್ಚ್ ಕೊನೆ. ನಮ್ಮ ಕಸುಬಿನವರಿಗೆ ಅದೇ ಕಷ್ಟದ ಕಾಲ. ಏಪ್ರಿಲ್ 30ರ ಗಡುವು ತಲೆ ಮೇಲೆ ಕೂತಿರುತ್ತೆ.

ಹೋದ ವರ್ಷ ಆ ಹೊತ್ತಿಗೆ ಅವ್ವ ಬಂದಿದ್ದಳು. ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಚೆಂಡು ಹೂ ಬಿಡಿಸಿದ ಕೈ. ನಾನು ಅಂಗಡಿಯಿಂದ ಚೀಲ ಇಳಿಸಿದ್ದು ನೋಡಿ, "ಕಾಸು ಕೊಟ್ಟು ಮಣ್ಣು ತರ್ತಾರೇನಪ್ಪಾ?" ಅಂದಳು. ಅದು ಬೀಜ ಮೊಳೆಸೋಕೆ ಅಂತಲೇ ಸಿಗುವ ಹಗುರ ಮಿಶ್ರಣ. ತೋಟದ ಮಣ್ಣು ಟ್ರೇಯಲ್ಲಿ ಗಟ್ಟಿಯಾಗುತ್ತೆ, ರೋಗವನ್ನೂ ತರುತ್ತೆ. ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ ಮುಚ್ಚಳ ಮುಚ್ಚಿದೆ. ಮನೆ 21 ಡಿಗ್ರಿ ಇತ್ತು, ವಾರದೊಳಗೆ ಮೊಳಕೆ ಬಂತು.

ಮೊಳಕೆ ಬಂದ ದಿನವೇ ಮುಚ್ಚಳ ತೆಗೆಯಬೇಕಿತ್ತು. ಮರೆತೆ. ಇತ್ತ ಅವ್ವ ಊರಿನ ಅಭ್ಯಾಸದಂತೆ ಬೆಳಗ್ಗೆ ಸಂಜೆ ನೀರು ಹಾಕಿದಳು. ಗಾಳಿಯಿಲ್ಲ, ತೇವ ಆರಲಿಲ್ಲ. ಒಂದು ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ಸಸಿಗಳೆಲ್ಲ ಬುಡದಲ್ಲಿ ಕೊಳೆತು ಮಲಗಿವೆ. "ಮುಟ್ಟಬೇಡ ಅಂದಿರಲಿಲ್ವಾ?" ಅಂತ ಕೂಗಾಡಿಬಿಟ್ಟೆ. ರಸೀತಿ ಕಳೆದುಕೊಂಡು ಬರುವ ಗಿರಾಕಿಗಳ ಹತ್ರ ಎಷ್ಟು ಮೆತ್ತಗೆ ಮಾತಾಡ್ತೀನಿ! ಅವ್ವ ಏನೂ ಹೇಳದೆ ರೂಮಿಗೆ ಹೋದಳು.

ಮೇ 1ಕ್ಕೆ ನಿದ್ದೆ ಮುಗಿಸಿ ಎದ್ದರೆ, ಕಿಟಕಿ ಹತ್ರ ಏಳು ಮೊಸರು ಡಬ್ಬಿ. ತಳಕ್ಕೆ ತೂತು ಹಾಕಿ, ಉಳಿದಿದ್ದ ಬೀಜ ಬಿತ್ತಿದ್ದಳು. ಸಸಿ ಬೆರಳುದ್ದ ಆಗಿದ್ದವು. ನೀರು ಮೇಲಿಂದ ಅಲ್ಲ, ಕೆಳಗಿನ ತಟ್ಟೆಗೆ ಹಾಕ್ತಿದ್ದಳಂತೆ; ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದು ಚೆಲ್ಲೋದು. "ಒಂದ್ಸಲ ಸತ್ತ್ಮೇಲೆ ಗೊತ್ತಾಗಲ್ವಾ?" ಅಂದಳು. ನಾನು ಆವತ್ತು ಕ್ಷಮೆ ಕೇಳಲಿಲ್ಲ. ಎಲ್‌ಇಡಿ ದೀಪ ತಂದು ಸಸಿ ಮೇಲೆ ಮೂರು ಇಂಚು ಎತ್ತರಕ್ಕೆ ಕಟ್ಟಿದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಗದಿದ್ರೆ ಸಸಿ ಬೆಳಕಿಗೆ ಕತ್ತು ಚಾಚಿ ಸೊರಗುತ್ತೆ. ನಮ್ಮ ಕಿಟಕಿ ಬಿಸಿಲು ಸಾಲಲ್ಲ.

ನೆಡುವ ಮುಂಚೆ ಏಳರಿಂದ ಹತ್ತು ದಿನ ಸಸಿಗೆ ಹೊರಗಿನ ಅಭ್ಯಾಸ ಮಾಡಿಸಬೇಕು. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನಾ ಸ್ವಲ್ಪ ಜಾಸ್ತಿ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋದರೆ ಒಳಗೆ. ಈ ಹೊರಗೆ-ಒಳಗೆ ಕೆಲಸ ಪೂರ್ತಿ ಅವ್ವನದೇ ಆಯ್ತು. ಬಂದಾಗಿನಿಂದ ಮನೆಯೊಳಗೇ ಕೂತಿದ್ದವಳು ಪಕ್ಕದ ಮನೆಯವರಿಗೆ ಕೈ ಬೀಸುವಷ್ಟು ರೂಢಿಯಾದಳು.

ಬಿತ್ತಿದ್ದು ತಡವಾದ್ದರಿಂದ ಜೂನ್ ಮೊದಲ ವಾರ ನೆಟ್ಟೆವು. ಹಬ್ಬಕ್ಕೆ ಅಂಗಡಿ ಹೂವೇ ಗತಿಯಾಯ್ತು. ನಮ್ಮ ಗಿಡ ಹೂ ಬಿಟ್ಟಾಗ ಅವ್ವ ಊರಿಗೆ ವಾಪಸ್ ಹೋಗಿಯಾಗಿತ್ತು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

"ಕುಡಿ ಚಿವುಟು ಅಂದಿದ್ನಲ್ಲ, ಚಿವುಟಿದ್ಯಾ?"

ಚಿವುಟಿರಲಿಲ್ಲ. ಗಿಡ ಕವಲೊಡೆಯದೆ ಕೋಲಿನ ಹಾಗೆ ನಿಂತಿತ್ತು. ಅವ್ವ ಕೂಗಾಡಲಿಲ್ಲ, ನಕ್ಕಳು.

ಈ ಏಪ್ರಿಲ್‌ನಲ್ಲಿ ಮತ್ತೆ ಬರ್ತಾಳೆ. ಬೀಜ ಎರಡು ಪೊಟ್ಟಣ ತಂದಿಟ್ಟಿದ್ದೀನಿ. ಮೊಸರು ಡಬ್ಬಿ ಯಾವುದನ್ನೂ ಎಸೆದಿಲ್ಲ.