ಹಾಜರಿಯೇ ವಿದ್ಯೆಯೇ?

ಮಕ್ಕಳು ಕಂಪ್ಯೂಟರಿನಲ್ಲಿ ಎಷ್ಟು ನುರಿತವರೆಂದು ತಿಳಿಯಲು ಇನ್ನು ಪರೀಕ್ಷೆಯೇ ಬೇಡವಂತೆ. ಪಾಠದ ಆಪ್‌ನಲ್ಲಿ ಎಷ್ಟು ಗಂಟೆ ಕುಳಿತರು, ಎಷ್ಟು ಸಲ ಒತ್ತಿದರು ಎಂಬುದು ತಾನಾಗಿ ದಾಖಲಾಗುತ್ತದೆ. ಕೂಡಿಸಿದರೆ ಮಗುವಿನ ಯೋಗ್ಯತೆ ಸಿಕ್ಕಿಬಿಡುತ್ತದಂತೆ! ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ನಮಗೆ ನಗು ಬರುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದ ಮಾತ್ರಕ್ಕೆ ಕಡತ ಮುಂದಕ್ಕೆ ಹೋಯಿತೆನ್ನಲಾದೀತೇ? ಬಿ.ಎಸ್‌ಸಿ. ಓದುವಾಗಲೂ ಪ್ರಯೋಗಶಾಲೆಯಲ್ಲಿ ನಿಂತ ಗಂಟೆಗಳಿಗೆ ಯಾರೂ ನಮಗೆ ಅಂಕ ಕೊಡಲಿಲ್ಲ.

ಚೆನ್ನೈನ ನಮ್ಮ ಮನೆಗಳನ್ನೇ ನೋಡಿ. ಇಬ್ಬರು ಮಕ್ಕಳಿಗೆ ಒಂದೇ ಫೋನು. ಅಕ್ಕನ ಹೆಸರಿನಲ್ಲಿ ತಮ್ಮ ಉತ್ತರ ಒತ್ತುತ್ತಾನೆ. ಅವಳು ಊಟಕ್ಕೆ ಎದ್ದರೂ ಪಾಠ ಓಡುತ್ತಲೇ ಇರುತ್ತದೆ. ನಮ್ಮ ಹುಡುಗನಿಗೆ ಇಂಥದೊಂದು ಆಪ್ ತೊಂಬತ್ತರ ಮೇಲೆ ಅಂಕ ಕೊಟ್ಟಿತು. ಧಾರವಾಡದ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಟೈಪು ಮಾಡೆಂದರೆ, ‘ಅಜ್ಜಿ’ ಎಂಬಲ್ಲಿಯೇ ಒತ್ತಕ್ಷರ ಸಿಗದೆ ತಡಕಾಡಿದ.

2023ರಲ್ಲಿ ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು ಬೇರೆ ದಾರಿ ಹಿಡಿದರು. 14ರಿಂದ 18 ವಯಸ್ಸಿನ ಹಳ್ಳಿಯ ಮಕ್ಕಳಿಗೆ ಫೋನು ತರಹೇಳಿ, ಅಲಾರಂ ಇಡು, ಮಾಹಿತಿ ಹುಡುಕು, ನಕ್ಷೆಯಲ್ಲಿ ದಾರಿ ನೋಡು ಎಂದು ಕಣ್ಣೆದುರೇ ಮಾಡಿಸಿದರು. ಫೋನು ಬಳಸಬಲ್ಲವರಲ್ಲಿ ಸ್ವಂತ ಫೋನಿದ್ದವರು ಹುಡುಗರಲ್ಲಿ ಶೇ. 43.7, ಹುಡುಗಿಯರಲ್ಲಿ ಶೇ. 19.8 ಮಾತ್ರ. ಗಂಟೆಗಳನ್ನೇ ಎಣಿಸಿದರೆ ಹಿಂದೆ ಬೀಳುವವರು ಯಾರೆಂದು ಬೇರೆ ಹೇಳಬೇಕೇ?

ನಮ್ಮ ಸಂಘದ ಮಕ್ಕಳ ಸ್ಪರ್ಧೆಗಳಲ್ಲಿ ಮುಂದಿನ ಸಲ ಇದನ್ನೇ ಇಡೋಣ. ಸೆಂಟ್ರಲ್‌ನಿಂದ ಬೆಂಗಳೂರಿಗೆ ರೈಲು ಎಷ್ಟು ಹೊತ್ತಿಗೆಂದು ಹುಡುಕಿ, ಊರಿನ ಅಜ್ಜಿಗೆ ಕನ್ನಡದಲ್ಲಿ ಬರೆದು ಕಳುಹಿಸಲಿ. ಅಪ್ಪ ಅಮ್ಮಂದಿರು ಮಾತ್ರ ದಯವಿಟ್ಟು ಹೊರಗೆ ಕಾಫಿ ಕುಡಿಯುತ್ತಿರಲಿ.